ತಾಂಬೂಲದ ತಟ್ಟೆಯಲ್ಲಿ ಸಿಗರೇಟು ಇರಲಿಲ್ಲ

ನನ್ನ ಮೊಮ್ಮಗಳನ್ನು ಇವತ್ತು ತೊಟ್ಟಿಲಿಗೆ ಹಾಕಿದೆವು! ಬೆಳಗಿನಿಂದ ನನ್ನ ಕಾಲು ಒಂದು ಕಡೆ ನಿಂತಿಲ್ಲ. ಅವಳಪ್ಪ, ನನ್ನ ಮಗ, ಇಡೀ ದಿನ ಬೀಡಿ ಸಿಗರೇಟು ಮುಟ್ಟದೆ ಅವಳನ್ನು ಎತ್ತಿಕೊಂಡು ಓಡಾಡಿದ. ಇದನ್ನು ಬರೆಯದೆ ಹೇಗಿರಲಿ?

ಮಗ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಾನೆ. ಸೊಸೆ ಅಗಳಿ ಕಡೆಯಿಂದ ಅದೇ ಕೆಲಸಕ್ಕೆ ಬಂದು ಅವನ ಪಕ್ಕದ ಮಷೀನಿನಲ್ಲಿ ಕೂತವಳು. ಚಹಾಕ್ಕೆ ಎದ್ದಾಗಲೆಲ್ಲ ಮಗನಿಗೆ ಸಿಗರೇಟು ಬೇಕು. ಸರ್ಕಾರ ತೆರಿಗೆ ಏರಿಸಿದಾಗ ಅಂಗಳದಲ್ಲಿ ನಿಂತು ಕೂಗಾಡಿದ:

"ಯವ್ವಾ, ಕೂಲಿ ಏರಿಸೋರು ಯಾರೂ ಇಲ್ಲ, ಇದಕ್ಕ ಮಾತ್ರ ಏರಿಸ್ತಾರ. ಓನರ್‌ಗೂ ಅಷ್ಟ, ನನಗೂ ಅಷ್ಟನಾ?"

ನನಗೂ ಅನ್ಯಾಯವೆಂದೇ ಕಂಡಿತು. ಓನರಿಗೆ ಆ ಏರಿಕೆ ತಿಳಿಯುವುದೂ ಇಲ್ಲ. ನನ್ನ ಮಗನಿಗೆ ಮಧ್ಯಾಹ್ನದ ಊಟಕ್ಕೇ ತಾಗುತ್ತದೆ. ಪ್ಯಾಕೆಟ್ ಹೋಗಿ ಬಿಡಿ ಸಿಗರೇಟು ಬಂತು, ಆಮೇಲೆ ಒಂದನ್ನೇ ಗೆಳೆಯನ ಜೊತೆ ಹಂಚಿಕೊಂಡು ಸೇದಿದ, ಕೊನೆಗೆ ಬೀಡಿಗೆ ಇಳಿದ. ತೆರಿಗೆಯಿಂದ ಹೊಗೆ ಅಗ್ಗವಾಯಿತೇ ಹೊರತು ನಿಲ್ಲಲಿಲ್ಲ ಎಂದು ಬೈದುಕೊಂಡೆ.

ನಿಲ್ಲಿಸಿದ್ದು ಮೊಮ್ಮಗಳು. "ಆ ವಾಸ್ನೆ ಇಟ್ಕಂಡು ಮಗೀನ ಮುಟ್ಟಂಗಿಲ್ಲ" ಎಂದು ಸೊಸೆ ಬಾಣಂತಿ ಕೋಣೆಯ ಬಾಗಿಲಲ್ಲೇ ತಡೆದಳು. ಅಂದಿನಿಂದ ಬಿಟ್ಟಿದ್ದಾನೆ. ಆದರೆ ಪಾಪ, ಚಹಾ ಕಂಡರೆ ಈಗಲೂ ಕೈ ಜೇಬು ತಡಕುತ್ತದೆ.

ನಮ್ಮಲ್ಲಿ ಇಂಥ ದಿನ ಗಂಡಸರಿಗೆ ಎಲೆ ಅಡಿಕೆಯ ತಟ್ಟೆಯಲ್ಲೇ ಬೀಡಿ, ಸಿಗರೇಟು ಇಡಬೇಕು. ತಟ್ಟೆ ಹಿಡಿದು, ಕಡ್ಡಿ ಗೀರಿ ಹಚ್ಚಿಕೊಡುವವನು ಮಗುವಿನ ಅಪ್ಪ. ಇಡದಿದ್ದರೆ ಬೀಗರಿಗೆ ಬೇಸರ. ಇಟ್ಟರೆ ಮಗ ತಾನೂ ಒಂದು ಹಚ್ಚಿಯಾನು. ಯೋಚಿಸಿ ಯೋಚಿಸಿ, ಸೋಂಪು, ಕಲ್ಲುಸಕ್ಕರೆ ಇಟ್ಟು ತಟ್ಟೆ ಅವನ ಕೈಗೆ ಕೊಟ್ಟೆ.

ಸೊಸೆಯ ಅಪ್ಪ ಎಲೆಯ ಕೆಳಗೂ ಕೈಯಾಡಿಸಿ ನೋಡಿದರು.

"ಏನಮ್ಮ ಬೀಗಿತಿ, ಸಿಗರೇಟೇ ಇಕ್ಕಿಲ್ವಲ್ಲ! ನಾವೇನು ಸಣ್ ಹುಡುಗ್ರಾ, ಕಲ್‌ಸಕ್ಕರೆ ಚೀಪಾಕೆ?"

ನಾನೇ ಮುಂದೆ ಬಂದು ಕೈಮುಗಿದೆ. "ಏನ್ ಮಾಡ್ಲಿರಿ ಬೀಗರ, ಸರ್ಕಾರದವ್ರು ಅಷ್ಟು ತುಟ್ಟಿ ಮಾಡ್ಯಾರ. ಬಡವರ ಮನಿ, ಹೊಟ್ಟಿಗೆ ಹಾಕ್ಕೋರಿ."

"ಅದೂ ದಿಟವೇ ಬಿಡಮ್ಮ" ಎಂದು ನಕ್ಕು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡರು. ಮಗ ತಟ್ಟೆ ಕೆಳಗಿಟ್ಟು ಸೀದಾ ಮಗಳ ಹತ್ತಿರ ಹೋದ.

ತೆರಿಗೆ ಬಡವರಿಗೆ ಭಾರ, ಈಗಲೂ ಹಾಗೇ ಹೇಳುತ್ತೇನೆ. ಆದರೆ ಇಳಿಸಿರೆಂದು ಇನ್ನು ಕೇಳಲಾರೆ. ಒಂದು ನೆಪವಿಲ್ಲದೆ ಇಂಥ ಪದ್ಧತಿ ಬಿಡುವುದು ನಮ್ಮಂಥವರಿಗೆ ಕಷ್ಟ.

ಸಂಜೆ ಎರಡೂ ಮನೆಯವರು ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ಮಗ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೇ ಕೈಯಲ್ಲಿ ಹೋಳಿಗೆ ಮುರಿಯುತ್ತಿದ್ದ. ಸೊಸೆ ಪಕ್ಕದಿಂದ ಬಾಗಿ ಅದಕ್ಕೆ ತುಪ್ಪ ಹಾಕಿದಳು. ಬೀಗರು ಇನ್ನೊಂದು ಹೋಳಿಗೆ ಕೇಳಿದರು.