ಎಡತೋಳು ಗಿಡ್ಡವಾದ ಕಾಗದದ ಅಂಗಿ

ಬೆಳಗಿನ ಜಾವ. ಮೀನಿನ ದೋಣಿಗಳು ಇನ್ನೂ ದಡಕ್ಕೆ ಬಂದಿಲ್ಲ. ಚೀನಾದ ಫುಜಿಯಾನ್ ಕರಾವಳಿಯ ನಮ್ಮೂರಿನ ಹಳೇ ಬೀದಿಯಲ್ಲಿ ಚ್ವಾಂಗ್ ಯೂಜೆನ್ ಅಕ್ಕ ಆಗಲೇ ಬಾಗಿಲು ತೆರೆದು ಅಕ್ಕಿಹಿಟ್ಟಿನ ಅಂಟು ಕಾಯಿಸುತ್ತಿದ್ದಾರೆ. ಪಂಚಾಂಗದ ಏಳನೇ ತಿಂಗಳು ಬಂತೆಂದರೆ ಇವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಸತ್ತವರು ಮನೆಗೆ ಬಂದುಹೋಗುವ ತಿಂಗಳು. ಅವರಿಗೆ ಸುಟ್ಟು ಕಳಿಸುವ ಕಾಗದದ ಬಟ್ಟೆ ಇಡೀ ಊರಿಗೆ ಈ ಕೈಯಲ್ಲೇ ಆಗಬೇಕು.

ಅಂಗಿಯ ಎದೆಯ ಮೇಲೆ ಸತ್ತವರ ಹೆಸರು ಬರೆಯಲೇಬೇಕು. ಇಲ್ಲದಿದ್ದರೆ ದಾರಿಯಲ್ಲೇ ಬೇರೆಯವರು ಕಿತ್ತುಕೊಳ್ಳುತ್ತಾರೆ. ಅಳತೆ ಹೇಳಲು ಬರುವವರದು ಒಬ್ಬೊಬ್ಬರದೂ ಒಂದೊಂದು ಪುರಾಣ. ಪಕ್ಕದ ಬೀದಿಯ ಲಿನ್ ಅಜ್ಜಿಗೆ ಗಂಡನ ಅಂಗಿ ಹೊಟ್ಟೆಯ ಹತ್ತಿರ ಸಡಿಲ ಬೇಕು. "ಹೋದ ವರ್ಷ ಬಿಗಿಯಾಯ್ತು ಕಣಮ್ಮ. ನಮ್ಮೆಜಮಾನ್ರು ಕನಸಲ್ಲಿ ಬಂದು ಬೈದ್ರು."

"ಅಲ್ಲಿಗೆ ಹೋದ್ಮೇಲೂ ದಪ್ಪ ಆಗ್ತಿದ್ದಾರಾ ಅಜ್ಜಿ? ಎಡೆ ಇಡೋದು ಸ್ವಲ್ಪ ಕಮ್ಮಿ ಮಾಡಿ," ಅನ್ನುತ್ತಾರೆ ಯೂಜೆನ್, ಕತ್ತರಿಯಿಂದ ಕಣ್ಣೆತ್ತದೆ.

ದಿಕ್ಕಿಲ್ಲದ ಪ್ರೇತಗಳೂ ಇವೆಯಲ್ಲ, ಮಕ್ಕಳಿಲ್ಲದವರು, ನೀರುಪಾಲಾದವರು. ಅವರಿಗಾಗಿ ಕಡಲದಂಡೆಯಲ್ಲಿ ಹೆಸರಿಲ್ಲದ ಅಂಗಿಗಳ ರಾಶಿ ಹಾಕಿ ಸುಡುತ್ತೇವೆ. ಆ ರಾಶಿಯನ್ನು ಯೂಜೆನ್ ಪುಕ್ಕಟೆ ಮಾಡಿಕೊಡುತ್ತಾರೆ. ಎಲ್ಲವೂ ಒಂದೇ ಅಳತೆ, ದೊಗಳೆ. ಇವತ್ತು ಅದರಲ್ಲೊಂದು ಅಂಗಿ ನನ್ನ ಕಣ್ಣಿಗೆ ಬಿತ್ತು: ಎಡತೋಳು ಗಿಡ್ಡ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! ಇದು ತಪ್ಪಾಗಿದೆ ಅಕ್ಕಾ ಅಂದುಬಿಟ್ಟೆ.

ಅಂಟು ಹಚ್ಚುತ್ತಿದ್ದ ಕೈ ನಿಂತಿತು. ಅವರ ಗಂಡ ಬಾವೊಶೆಂಗ್ ಮೀನಿಗೆ ಹೋಗಿ ಬಿರುಗಾಳಿಗೆ ಸಿಕ್ಕವರು. ದೋಣಿಯೂ ಸಿಗಲಿಲ್ಲ, ದೇಹವೂ ಸಿಗಲಿಲ್ಲ. ಹೆಸರು ಬರೆದು ಸುಟ್ಟರೆ, ಒಂದು ವೇಳೆ ಬದುಕಿದ್ದರೆ, ಕೈಯಾರೆ ಕೊಂದ ಹಾಗೆ. ಸುಡದೇ ಬಿಟ್ಟರೆ, ಸತ್ತಿದ್ದರೆ, ಬರಿಮೈಯಲ್ಲಿ ಅಲೆಯಬೇಕು. ಊರಿಗೆಲ್ಲ ಬಟ್ಟೆ ಮಾಡಿಕೊಡುವ ಹೆಂಗಸಿಗೆ ಎಂಥಾ ಸಂಕಟ ನೋಡಿ.

"ಚಿಕ್ಕವರಿದ್ದಾಗ ಕೈ ಮುರಿದು ಎಡಗೈ ಗಿಡ್ಡ ಅವ್ರಿಗೆ," ಅನ್ನುತ್ತಾರೆ ಯೂಜೆನ್. "ಹೆಸರು ಬರೆಯಲ್ಲ ನಾನು. ಹೋಗಿದ್ರೆ, ತೋಳು ನೋಡಿ ಇದು ನಂದೇ ಅಂತ ಎತ್ಕೋತಾರೆ. ಬದುಕಿದ್ರೆ, ಯಾರೋ ಪಾಪದವ್ರು ಹಾಕ್ಕೊಳ್ಳಲಿ."

ಬೀದಿಯಲ್ಲಿ ಬೆಳಕಾಗಿದೆ. ಗಿರಾಕಿಗಳು ಬರತೊಡಗಿದ್ದಾರೆ. ನಿಮಗೇನಾದರೂ ಆಸೆ ಇದೆಯಾ ಅಕ್ಕಾ ಅಂದೆ. ಅವರು ಆ ಅಂಗಿಯನ್ನು ನಿಧಾನವಾಗಿ ಮಡಚಿ ರಾಶಿಯ ಮೇಲಿಟ್ಟರು.

"ಒಂದಿನ ಬಾಗಿಲಲ್ಲಿ ನಿಂತು, 'ನನ್ನಂಗಿ ಎಲ್ಲೇ?' ಅಂತ ಕೇಳಲಿ. ಬಟ್ಟೇದೇ ಹೊಲಿದು ಕೊಡ್ತೀನಿ. ಎಡತೋಳು ಗಿಡ್ಡ ಇಟ್ಟು."