ಶೇಷಗಿರಿ ಸರ್ ಕೈಗೆ ಕೊಟ್ಟ ಅರ್ಜಿ

ಶೇಷಗಿರಿ ಸರ್ ಎಲೆ ಒರೆಸುತ್ತಿದ್ದರು. ಅವರ ಬಗಲಚೀಲದಲ್ಲಿ ಯಾವಾಗಲೂ ಒಂದು ಒದ್ದೆ ಬಟ್ಟೆ. ಪಾಠ ಶುರುಮಾಡುವ ಮೊದಲು ಮನೆಯ ಮುಂದಿನ ದಾಸವಾಳದ ಗಿಡದ ಹತ್ತಿರ ನಿಂತು, ಮಗುವಿನ ಮೂಗು ಒರೆಸುವಂತೆ ಒಂದೊಂದೇ ಎಲೆ ಒರೆಸುವರು. ಬಟ್ಟೆ ಕೆಂಪಾಗುತ್ತಿತ್ತು. ಸಂಡೂರಿನಲ್ಲಿ ಆಗ ಅದಿರಿನ ಲಾರಿಗಳಿಗೆ ಹೊತ್ತುಗೊತ್ತು ಇರಲಿಲ್ಲ. ಗಿಡ, ಗೋಡೆ, ಒಣಹಾಕಿದ ಸೀರೆ, ನಮ್ಮ ಮೂಗಿನ ಹೊಳ್ಳೆ ಎಲ್ಲ ಒಂದೇ ಬಣ್ಣ. ಒರೆಸಿದ ಎಲೆಯನ್ನು ಎತ್ತಿ ಹಿಡಿದು ಹೇಳುವರು: “ಇದು ಎಲಿ. ಇದರ ಬಣ್ಣ ಹಸರು. ನನ್ನ ಮ್ಯಾಲೆ ನಂಬಿಕಿ ಇಟ್ಟು ಬರ್ಕೊಳ್ರಿ.”

ನಾನು ನಂಬಿಕೆ ಇಟ್ಟೆ. ಅದೇ ನನ್ನ ತಪ್ಪು.

ಅವರನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಹಾಗೆಂದು ಯಾರಾದರೂ ಅವರನ್ನು ಕೆಟ್ಟವರು ಎಂದರೆ ಅಂಥವರ ಮೇಲೂ ಎಗರಿ ಬೀಳುತ್ತೇನೆ. ಸರ್ ಹೊಸಪೇಟೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಮನೆ ಸಂಡೂರಿನಲ್ಲಿ, ನಮ್ಮ ಓಣಿಯಲ್ಲೇ. ಬೆಳಿಗ್ಗೆ ಹಣೆಗೆ ಅಂಗಾರದ ಗೆರೆ ಎಳೆದುಕೊಂಡು ಏಳರ ಬಸ್ಸಿಗೆ ಹೊರಟರೆ, ಸಂಜೆ ಬರುವಾಗ ಗೆರೆ ಯಾವುದು ಧೂಳು ಯಾವುದು ತಿಳಿಯುತ್ತಿರಲಿಲ್ಲ. ಬಂದವರೇ ಕೈಕಾಲು ತೊಳೆದು ಕಟ್ಟೆಯ ಮೇಲೆ ನಮಗೆ ಪಾಠಕ್ಕೆ ಕೂರುವರು. ಬಿಡಿಗಾಸು ಮುಟ್ಟುತ್ತಿರಲಿಲ್ಲ. ಚಿತ್ರ ಬರೆಯುವಾಗ “ಗೆರಿ ಮುಗಿಯೋತನಕ ಉಸುರು ಬಿಡಬ್ಯಾಡ್ರಿ” ಎನ್ನುವರು. ನನ್ನ ಮೊದಲ ಜೀವಕೋಶವನ್ನು ನೋಡಿ “ಇದು ಜೀವಕೋಶ ಅಲ್ಲವ್ವಾ, ಬದನಿಕಾಯಿ. ಒಗ್ಗರಣಿ ಹಾಕೋದೊಂದು ಬಾಕಿ ಅದ” ಎಂದಿದ್ದರು. ಮೂರು ತಿಂಗಳ ನಂತರ ಅದೇ ಬಾಯಿಂದ, ಎಲ್ಲರೆದುರು, “ಡಾಕ್ಟರ್ ಕೈ ಇದು” ಎಂದರು. ಆ ಮಾತು ಹಿಡಿದುಕೊಂಡೇ ನಾನು ಎರಡು ವರ್ಷ ಓದಿದೆ.

ಸಿಟ್ಟು ಅವರಿಗೂ ಬೇಕಾದಷ್ಟಿತ್ತು. ಒಮ್ಮೆ ಅದಿರಿನ ಮೇಲೆ ತಾಡಪಾಲು ಹೊದಿಸದೆ ಬಂದ ಲಾರಿಗೆ ಕೊಡೆ ಅಡ್ಡ ಹಿಡಿದು ನಡುರಸ್ತೆಯಲ್ಲಿ ನಿಂತರು. ಡ್ರೈವರ್ ತಲೆ ಹೊರಗೆ ಹಾಕಿ, “ಸರಕೊಳ್ರಿ ಸಾರ್, ಹಿಂದ ಐವತ್ತು ಗಾಡಿ ನಿಂತಾವ” ಎಂದ. ಸರ್ ಅಲ್ಲಾಡಲಿಲ್ಲ. “ನಿಲ್ಲಲಿ. ನಮ್ಮ ಹುಡುಗ್ರು ಈ ಧೂಳು ಕುಡುದು ಪರೀಕ್ಷಾ ಬರೀತಾರ. ಮೊದಲು ಹೊದಿಸು.” ಕೊನೆಗೆ ಅವನು ಬೈದುಕೊಳ್ಳುತ್ತಾ ಇಳಿದು ಹೊದಿಸಿದ. ಆ ಲಾರಿ ನನ್ನ ಜೊತೆ ಓದುತ್ತಿದ್ದ ತಿಪ್ಪೇಶನ ಅಪ್ಪನದು. ಸಂಜೆ ಅದೇ ತಿಪ್ಪೇಶನಿಗೆ ಸರ್ ಎಂದಿನಂತೆ ಪಾಠ ಹೇಳಿದರು. ಅಂಥ ಮನುಷ್ಯ. ಲಾರಿಗೆ ಹೆದರದವರು ನನ್ನ ವಿಷಯದಲ್ಲಿ ಯಾಕೆ ಹೆದರಿದರೋ.

ಪಿಯುಸಿಯ ಭೌತಶಾಸ್ತ್ರ ಪರೀಕ್ಷೆಯ ದಿನ ನನಗೆ ಜ್ವರ. ಅದೊಂದರಲ್ಲಿ ಅಂಕ ನೆಲಕಚ್ಚಿತು. ಮೆಡಿಕಲ್ ಸೀಟಿಗೆ ಆಗ ಪಿಯುಸಿ ಅಂಕವನ್ನೂ ಸಿಇಟಿ ಅಂಕವನ್ನೂ ಕೂಡಿಸಿ ರ‍್ಯಾಂಕ್ ಕೊಡುತ್ತಿದ್ದರು. ನನ್ನಂಥವರಿಗೆ ಒಂದು ದಾರಿಯಿತ್ತು, ರಿಜೆಕ್ಷನ್ ಅನ್ನುತ್ತಿದ್ದೆವು. ಬಂದ ಅಂಕ ಬೇಡವೆಂದು ಅರ್ಜಿ ಬರೆದು, ಅಂಕಪಟ್ಟಿಯನ್ನೂ ಲಗತ್ತಿಸಿ, ಗಡುವಿನೊಳಗೆ ನಾವು ಓದಿದ ಹೊಸಪೇಟೆಯ ಕಾಲೇಜಿಗೆ ಕೊಟ್ಟುಬಿಡಬೇಕು. ಹಳೆಯ ಅಂಕ ಅಲ್ಲಿಗೆ ಸತ್ತ ಹಾಗೆ. ಮರುವರ್ಷ ಮತ್ತೆ ಬರೆಯುವುದು.

ಅಪ್ಪ ಅದಿರು ತೂಗುವ ವೇಬ್ರಿಜ್‌ನಲ್ಲಿ ವಾಚ್‌ಮನ್. ಅರ್ಜಿಯನ್ನು ನನ್ನಿಂದ ಎರಡು ಸಲ ಓದಿಸಿಕೊಂಡ.

“ಈ ಮಾರ್ಕ್ಸು ಹೋಗಿಬಿಡ್ತಾವಾ?”

“ಹೋಗ್ತಾವಪ್ಪ.”

“ಮುಂದ ಜಾಸ್ತಿ ಬರ್ತಾವಾ?”

“ಬರ್ತಾವ.”

“ಹಂಗಾರ ಕೊಡು ಪೆನ್ನು.” ನಾಲಿಗೆ ಕಚ್ಚಿ ಹಿಡಿದು, ನಿಧಾನವಾಗಿ, ಅಪ್ಪ ಸಹಿ ಮಾಡಿದ.

ತಿಪ್ಪೇಶನೂ ಅರ್ಜಿ ಬರೆದಿದ್ದ. ಅವನ ಅಂಕ ನನಗಿಂತ ಕಡಿಮೆ. ಗಡುವಿನ ಹಿಂದಿನ ದಿನ ಸರ್ ಇಬ್ಬರ ಕಾಗದಗಳನ್ನೂ ತಾವೇ ಇಸಿದುಕೊಂಡರು. “ನಾ ಹೆಂಗೂ ಹೊಸಪೇಟಿಗೆ ಹೊಂಟೀನಿ. ಆ ಲಾರಿ ಸಾಲಿನಾಗ ನೀವ್ಯಾಕ ಬಸ್ಸು ಕಾಯ್ತೀರಿ, ಕೊಡ್ರಿ.”

ಕೊಟ್ಟೆ. ವಾರ ಕಳೆದು ಸರ್ ಮನೆಗೆ ಸ್ವೀಕೃತಿ ಚೀಟಿ ಕೇಳಲು ಹೋದರೆ ತಿಪ್ಪೇಶನ ಚೀಟಿ ಮಾತ್ರ ಇತ್ತು. ನನಗೆ ಅವರು ಕಪಾಟಿನಿಂದ ತೆಗೆದುಕೊಟ್ಟದ್ದು ನನ್ನದೇ ಅಂಕಪಟ್ಟಿ, ನನ್ನದೇ ಅರ್ಜಿ, ಮಡಿಕೆ ಸಹ ಬಿಚ್ಚಿರಲಿಲ್ಲ.

“ನಿಂದು ಕೊಡಲಿಲ್ಲವ್ವಾ,” ಎಂದರು. “ಹುಡುಗ್ರಿಗೆ ಒಂದು ವರ್ಷ ಹೋದ್ರ ಏನೂ ಆಗಂಗಿಲ್ಲ. ನಿಂದು ಹಂಗಲ್ಲ. ಇದ್ದ ಮಾರ್ಕ್ಸೂ ಕಳಕೊಂಡು ಮನ್ಯಾಗ ಕುಂತ್ರ ನಿಮ್ಮಪ್ಪ ಮದಿವಿ ಮಾಡಿ ಕಳಸ್ತಾನ. ಇವೇ ಮಾರ್ಕ್ಸಿಗೆ ಏನರ ಒಂದು ಕೋರ್ಸ್ ಸಿಗ್ತದ. ನಿನ್ನ ಒಳ್ಳೇದಕ್ಕ ಮಾಡೀನಿ.”

“ಅದಕ್ಕ ಸಹಿ ಮಾಡಿದಾವ ನಮ್ಮಪ್ಪನ ಅಲ್ರೀ ಸರ್,” ಎಂದೆ. ಅವರು ಒದ್ದೆ ಬಟ್ಟೆ ತೆಗೆದುಕೊಂಡು ದಾಸವಾಳದ ಕಡೆ ಹೋದರು. ಆ ಬಟ್ಟೆ ಕಿತ್ತು ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಎಸೆಯಬೇಕಿತ್ತು.

ಮನೆಗೆ ಬಂದು ಅತ್ತರೆ ಅಪ್ಪ, “ಸರ್ ಮಾಡ್ಯಾರಂದ್ರ ತಿಳಿದೇ ಮಾಡಿರ್ತಾರ” ಎಂದ. ಅಂದು ಅಪ್ಪನ ಮೇಲೂ ಕೂಗಾಡಿದೆ. ಮರುವರ್ಷ ಸಿಇಟಿ ಮತ್ತೆ ಬರೆದೆ, ಚೆನ್ನಾಗಿಯೇ ಬರೆದೆ. ಆ ಹಳೆಯ ಜ್ವರದ ಅಂಕ ಕಾಲು ಹಿಡಿದು ಕೆಳಗೆಳೆಯಿತು. ತಿಪ್ಪೇಶ ರಿಜೆಕ್ಷನ್‌ನಲ್ಲಿ ಅಂಕ ಹೆಚ್ಚಿಸಿಕೊಂಡು ಸೀಟು ಪಡೆದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಕಷ್ಟಪಟ್ಟು ಓದಿದ. ಕಷ್ಟಪಡಲು ಅವನಿಗೆ ಒಂದು ವರ್ಷ ಸಿಕ್ಕಿತ್ತು. ನಾನು ಲ್ಯಾಬ್ ಟೆಕ್ನೀಷಿಯನ್ ಕೋರ್ಸ್ ಮುಗಿಸಿ ಸಂಡೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿದೆ. ಮದುವೆ ಮಾಡಿ ಕಳಿಸುತ್ತಾನೆಂದು ಸರ್ ಹೆದರಿದ್ದ ನಮ್ಮಪ್ಪ ಇವತ್ತಿನವರೆಗೂ ಮದುವೆಯ ಸುದ್ದಿ ಎತ್ತಿಲ್ಲ.

ಓಣಿಯಲ್ಲಿ ಸರ್ ಎದುರಾದರೆ ಮುಖ ತಿರುಗಿಸುತ್ತಿದ್ದೆ. ಅವರು ನಿವೃತ್ತರಾದ ಮೇಲೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಮನೆಗೆ ಹೋಗಿ ರಕ್ತ ತೆಗೆಯುವ ಕೆಲಸ ನನ್ನ ಪಾಲಿಗೇ ಬಂತು. ಸೂಜಿ ಚುಚ್ಚಿದಾಗ ಅವರು, “ಗೊತ್ತೇ ಆಗಲಿಲ್ಲ ನೋಡು. ಡಾಕ್ಟರ್ ಕೈ” ಎಂದರು. ಹಲ್ಲು ಕಚ್ಚಿಕೊಂಡು ಹತ್ತಿ ಒತ್ತಿದೆ.

ಆಮೇಲೆ ದಿಂಬಿನ ಕೆಳಗಿನಿಂದ ಒಂದು ಲಕೋಟೆ ತೆಗೆದರು. ಅವರ ಮಗಳ ಮಗಳು ಜಯಶ್ರೀ ಅವರ ಮನೆಯಲ್ಲೇ ಇದ್ದು ಪಿಯುಸಿ ಓದಿದ್ದಳು. ಅಂಕ ಕಡಿಮೆ ಬಂದಿತ್ತು. ಅವಳು ಕೋಚಿಂಗ್‌ಗೆ ಹೆಸರು ಬರೆಸಲು ಬಳ್ಳಾರಿಗೆ ಹೋಗಿದ್ದಳು. ಅಂದೇ ರಿಜೆಕ್ಷನ್‌ಗೆ ಕೊನೆಯ ದಿನ.

“ನೀ ಹೆಂಗೂ ಸ್ಯಾಂಪಲ್ ಒಯ್ಯಾಕ ಹೊಸಪೇಟಿಗೆ ಹೊಂಟೀಯಲ್ಲ,” ಎಂದರು. “ಕಾಲೇಜಿನಾಗ ಕೊಟ್ಟುಬಿಡ್ತೀಯೇನವ್ವಾ?”

ನಾನು ಲಕೋಟೆ ಮುಟ್ಟಲಿಲ್ಲ. “ನಿಮ್ಮ ಮೊಮ್ಮಗಳೂ ಹುಡುಗೀನ ಅಲ್ರೀ ಸರ್? ಅಕಿಗೆ ಒಂದು ವರ್ಷ ಹೋದ್ರ ನಡೀತೈತೇನು?”

ಸರ್ ಲಕೋಟೆಯನ್ನು ಮತ್ತೆ ನನ್ನ ಕಡೆ ಚಾಚಿದರು. “ನಡೀತದ,” ಎಂದರು. ಮತ್ತೆ, “ನಿನಗೂ ನಡೀತಿತ್ತು.”

ನಾಲ್ಕು ವರ್ಷ ಆ ಮಾತಿಗೆ ಕಾದಿದ್ದೆ. ಕೇಳಿದ ಮೇಲೆ ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದೆ, ಇಮ್ಮಡಿಯಾಯಿತು. ಲಕೋಟೆ ಕಸಿದುಕೊಂಡು ಹೊರಟೆ. ಲಾರಿ ಸಾಲಿಗೆ ಸಿಕ್ಕಿ ಬಸ್ಸು ನಿಂತಾಗ ಅದನ್ನು ಕಿಟಕಿಯಾಚೆ ತೂರಿಬಿಡುವ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ. ಆದರೆ ಲಕೋಟೆಯ ಮೇಲೆ ಜಯಶ್ರೀ ದುಂಡಗೆ ಬರೆದ ತನ್ನ ಹೆಸರಿತ್ತು. ಆ ಹುಡುಗಿ ನನಗೇನು ಮಾಡಿದ್ದಳು?

ಕಾಲೇಜಿನ ಗುಮಾಸ್ತ ಅರ್ಜಿ ನೋಡಿ, ಸೀಲು ಒತ್ತಿ, ಚೀಟಿ ಹರಿದು ಕೊಟ್ಟ. ಸಂಜೆ ಬಸ್ಸಿಳಿದವಳೇ ನೇರ ಸರ್ ಮನೆಗೆ ಹೋದೆ. ಹೊರಗೆ ದಾಸವಾಳದ ಗಿಡ ಕೆಂಪು ಮೆತ್ತಿಕೊಂಡು ನಿಂತಿತ್ತು, ಒರೆಸುವವರಿರಲಿಲ್ಲ. ಅವರ ಬಲಗೈ ಬಿಡಿಸಿ ಚೀಟಿ ಇಟ್ಟು, ಬೆರಳು ಮಡಚಿದೆ. ಮುಂದಿನ ಸಲ ರಕ್ತ ತೆಗೆಯಲು ಹೋಗುವಷ್ಟರಲ್ಲಿ ಅವರು ಇರಲಿಲ್ಲ, ಹಾಗಾಗಿ ಅಂದು ನಾನು ಆಡಿದ್ದೇ ಕೊನೆಯ ಮಾತಾಯಿತು.

“ಕೊಟ್ಟು ಬಂದೆ, ಸರ್. ಐದು ನಿಮಿಷದ ಕೆಲಸ ಇತ್ತು.”