ಡಾಬಕಾದ ಬಾವಿಗೆ ಇಳಿದ ತಂತಿ

ಅಣ್ಣನ ಪರವಾಗಿ ಒಂದು ಮಾತು ಹೇಳಬೇಕಿತ್ತು, ನಾನು ಹೇಳಲಿಲ್ಲ.

೧೯೪೮, ರಜಾಕಾರರ ಹಾವಳಿ ಅಡಗಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಹೊಸತು. ನಾನು ಬೀದರಿನ ಒಂದು ಸಣ್ಣ ಬಿಜಲಿ ಘರದಲ್ಲಿ, ಊರಿಗೆ ಕರೆಂಟು ಕೊಡುವಲ್ಲಿ, ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದೆ. ಓದಿದ್ದು ನಾಲ್ಕನೆಯ ಇಯತ್ತೆ. ಕಲ್ಲಿದ್ದಲು ಸರಿಯಾಗಿ ಬರದೆ ಊರಿನ ದೀಪಗಳು ಆಗಾಗ ಆರುತ್ತಿದ್ದವು.

ಅಣ್ಣ ಶಿವರಾಯ ಔರಾದ ಕಡೆ ಬಾವಿ ತೋಡುವವನು. ಅಲ್ಲಿನ ಡಾಬಕಾ ಎಂಬ ಊರಿನ ಒಂದು ಬಾವಿಯ ತಳದಲ್ಲಿ ಅವನಿಗೆ ಬಿಸಿನೀರು ಸಿಕ್ಕಿತ್ತು.

"ಇನ್ನೂ ಕೆಳಗ ಹೋದ್ರ ಉಗಿನೇ ಬರ್ತದ. ನಿಮ್ಮ ಮಷೀನಿಗೆ ಇದ್ದಲಿ ಯಾಕ ಬೇಕು?"

"ನಿನಗ ಹುಚ್ಚು ಹಿಡದದ" ಎಂದು ನಕ್ಕೆ.

"ಕಾವು ಅಳದು ತೋರಿಸ್ತೇನಿ. ಆಗ ನಿಮ್ಮ ಸಾಹೇಬ ನಂಬ್ತಾನೋ ಇಲ್ಲೋ ನೋಡು."

ಯಾರನ್ನೂ ಕೇಳದೆ ಬಾಯ್ಲರ್ ಮನೆಯ ಥರ್ಮಾಮೀಟರ್ ಕೊಟ್ಟು ಕಳಿಸಿದೆ. ಅದನ್ನು ಬರಿದೆ ಇಳಿಸಿದರೆ ಮೇಲೆಳೆಯುವಷ್ಟರಲ್ಲಿ ಆರಿಬಿಡುತ್ತದೆ. ಅದಕ್ಕೆ ಅಣ್ಣ ಅದನ್ನು ನೀರು ತುಂಬಿದ ಬಾಟಲಿಯೊಳಗಿಟ್ಟು, ಗೋಣಿ ಸುತ್ತಿ, ತಂತಿ ಕಟ್ಟಿ ಇಳಿಸುತ್ತಿದ್ದ. ಅದು ಕಾವು ಹಿಡಿಯುವ ತನಕ ಬಾವಿಯ ಬಳಿ ಕಾವಲು ಕೂತು, ಹತ್ತಿರ ಬಂದವರನ್ನು ಗದರಿಸಿ ಅಟ್ಟುತ್ತಿದ್ದ. ಆ ದಿನಗಳಲ್ಲಿ, ಅಂಥ ಮೂಲೆಯ ಊರಲ್ಲಿ, ಹೀಗೆ ತಂತಿ ಇಳಿಸುವವನನ್ನು ಯಾರು ನಂಬುತ್ತಾರೆ? ಬಾವಿಯಲ್ಲಿ ರಜಾಕಾರರ ವೈರ್‌ಲೆಸ್ ಇದೆ ಎಂದು ಸುದ್ದಿ ಹಬ್ಬಿತು. ನನಗೂ ಅನುಮಾನ ಹೊಕ್ಕಿತು. ಆ ಬಿಸಿನೀರನ್ನು ನಾನು ಕಂಡಿರಲಿಲ್ಲ.

ಪೊಲೀಸ್ ಜಮಾದಾರ ಅಣ್ಣನನ್ನು ಬಿಜಲಿ ಘರಕ್ಕೇ ಹಿಡಿದು ತಂದ. ಬಾವಿಯಲ್ಲಿ ವೈರ್‌ಲೆಸ್ ಸಿಕ್ಕಿರಲಿಲ್ಲ, ಸಿಕ್ಕಿದ್ದ ಥರ್ಮಾಮೀಟರಿನ ಮೇಲೆ ನಮ್ಮ ಬಿಜಲಿ ಘರದ ಗುರುತಿತ್ತು.

"ಇದು ನೀ ಕೊಟ್ಟಿಯೇನು?" ಜಮಾದಾರ ನನ್ನನ್ನು ಕೇಳಿದ.

ಇಂಜಿನಿಯರ್ ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಅಣ್ಣನೂ.

"ನನಗ ಗೊತ್ತಿಲ್ರಿ."

"ಹಂಗಾದ್ರ ಕಳವಿನ ಮಾಲು" ಎಂದ ಜಮಾದಾರ.

ಅಣ್ಣ ನನ್ನ ಹೆಸರೆತ್ತಲಿಲ್ಲ. ಕಳವಿಗೆ ಜೈಲಾಯಿತು. ಡಾಬಕಾದವರು ಬಾವಿಗೆ ಕಲ್ಲು ತುಂಬಿದರು. ಬಿಡುಗಡೆಯಾದ ಮೇಲೆ ಅವನು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯಲ್ಲಿ ಕೂಲಿಗೆ ನಿಂತ. ಮತ್ತೆ ಬಾವಿ ತೋಡಲಿಲ್ಲ.

ಮುಂದೊಮ್ಮೆ ಸಾಹೇಬರೇ ಹೇಳಿದರು: ಅಷ್ಟು ಆಳದಲ್ಲಿ ಉಗಿ ಸಿಗುವುದು ಕಷ್ಟ, ಆದರೆ ನೀರು ಬಿಸಿಯಿದ್ದದ್ದು ನಿಜವಾದರೆ ಭೂಮಿಯ ಕಾವಿನಿಂದ ಕರೆಂಟು ತೆಗೆಯುವ ಮಾತು ಹುಚ್ಚಲ್ಲ, ಅಳೆದು ನೋಡಬೇಕಿತ್ತು. ನನ್ನ ಕೆಲಸದಲ್ಲೂ ಅಷ್ಟೇ: ಬಾಯ್ಲರಿನ ಒತ್ತಡ ಎಷ್ಟಿದೆ ಎಂದು ಕೇಳಿದರೆ ಮೀಟರಿನ ಮುಳ್ಳು ನೋಡಿಯೇ ಹೇಳಬೇಕು, ಹೆದರಿ ಹೇಳಬಾರದು. ನೌಕರಿ ದಿನವೂ ಕಲಿಸಿದ್ದು ಇದನ್ನೇ. ನಾನು ಕಲಿತದ್ದು ತಡವಾಗಿ.

ನಿವೃತ್ತಿಯಾದ ಮೇಲೆ ಖಟಕ ಚಿಂಚೋಳಿಗೆ ಹೋದೆ. ಅಣ್ಣ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದ.

"ಶಿವರಾಯ, ನಿನ್ನ ತಮ್ಮ ಬಂದಾನ ನೋಡು. ಚೀಲ ಜ್ವಾಪಾನ ಇಟಗೋರಿ ತಮ್ಮಾರ, ನಿಮ್ಮ ಅಣ್ಣನ ಕೈ ಚಲೋ ಇಲ್ಲ!" ಒಬ್ಬ ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು. ಅಣ್ಣನೂ, ರೂಢಿಯಾದವನಂತೆ.

ನಾನು ಕೂರಲಿಲ್ಲ. ನಿಂತೇ, ಎಲ್ಲರಿಗೂ ಕೇಳುವಂತೆ ಹೇಳಿದೆ:

"ಇವ ಕದ್ದಿಲ್ರಿ. ಆ ಥರ್ಮಾಮೀಟರ್ ನಾನೇ ಕೊಟ್ಟಿದ್ದೆ, ಜಮಾದಾರನ ಮುಂದ ಸುಳ್ಳು ಹೇಳ್ದೆ. ಅಣ್ಣಾ, ನಂದು ತಪ್ಪಾತು."